ಮುಂದಿನ ಫೋರ್ಕ್ ಸೋರುತ್ತಿದೆ, ಮನೆಯಲ್ಲೇ ಬಿಚ್ಚಬಹುದಾ?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಹಳ್ಳಿಯವನು. ದಿನಾ ಬೈಕ್‌ನಲ್ಲಿ ಜಮಖಂಡಿಗೆ ಹೋಗಿ ಬರುತ್ತೇನೆ. 2015ರ 150 ಸಿಸಿ ಗಾಡಿ, 70 ಸಾವಿರ ಕಿಲೋಮೀಟರ್ ಓಡಿದೆ. ಒಂದು ತಿಂಗಳಿಂದ ಮುಂದಿನ ಶಾಕ್‌ನಲ್ಲಿ ಒಂದು ಕಡೆ ಎಣ್ಣೆ ಸೋರುತ್ತಿದೆ. ಡಿಸ್ಕ್ ಇರುವುದೂ ಅದೇ ಕಡೆ. ತಗ್ಗಿಗೆ ಇಳಿದರೆ ‘ಧಡ್’ ಅನ್ನುತ್ತದೆ, ಬ್ರೇಕ್ ಹಿಡಿದರೆ ಗಾಡಿ ಮುಗ್ಗರಿಸಿದ ಹಾಗಾಗಿ ಮುಂದೆ ‘ಟಕ್’ ಎನ್ನುತ್ತದೆ. ಒಬ್ಬ ಮೆಕ್ಯಾನಿಕ್ ಎರಡೂ ಫೋರ್ಕ್ ಹೊಸದೇ ಹಾಕಬೇಕು ಎಂದರು. ಗೆಳೆಯ, ‘ಸೀಲ್ ಬದಲಿಸಿ ದಪ್ಪ ಇಂಜಿನ್ ಆಯಿಲ್ ಸ್ವಲ್ಪ ಜಾಸ್ತಿ ಹಾಕು, ಮುಗೀತು’ ಅನ್ನುತ್ತಾನೆ. ಮನೆಯಲ್ಲಿ ಪಾನಾ ಸೆಟ್ ಇದೆ, ಟ್ರ್ಯಾಕ್ಟರ್ ರಿಪೇರಿ ಮಾಡಿ ಕೈ ಪಳಗಿದೆ. ಆದರೆ ಸ್ಪ್ರಿಂಗ್ ಹಾರಿ ಮುಖಕ್ಕೆ ಬಡಿಯುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಹಿಂದೆ ಹೆಂಡತಿ, ಟ್ಯಾಂಕ್ ಮೇಲೆ ಮಗಳು ಕೂರುವ ಗಾಡಿ ಇದು. ನಾನೇ ಬಿಚ್ಚಲಾ, ಬೇಡವಾ?

ಉತ್ತರ: ಸೋರುವ ಕಡೆಯೇ ಡಿಸ್ಕ್ ಇದೆ ಎಂದು ಬರೆದಿದ್ದೀರಿ. ಅದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದ ಎಲ್ಲಕ್ಕಿಂತ ಅದು ಅವಸರದ್ದು. ಸೀಲ್ ದಾಟಿದ ಎಣ್ಣೆ ಫೋರ್ಕಿನ ಮೈಮೇಲೆ ಇಳಿದು, ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ತನಕ ಬರುತ್ತದೆ. ಅಲ್ಲಿಂದ ಬ್ರೇಕ್ ಪ್ಯಾಡಿಗೆ ಬೆರಳಿನಷ್ಟು ದೂರ. ಪ್ಯಾಡ್ ಎಣ್ಣೆ ಕುಡಿದರೆ ಲಿವರ್ ಗಟ್ಟಿಯಾಗೇ ಇರುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ. ಅದು ಗೊತ್ತಾಗುವುದು ಕಬ್ಬಿನ ಟ್ರೇಲರ್ ಹಿಂದೆ ಬ್ರೇಕ್ ಹಿಡಿದಾಗ. ಇವತ್ತೇ ಒಂದು ಬಿಳಿ ಅರಿವೆ ತುಂಡು ತಗೊಂಡು ಕ್ಯಾಲಿಪರ್ ಸುತ್ತ, ಡಿಸ್ಕಿನ ಎರಡೂ ಮುಖ ಒರೆಸಿ ನೋಡಿ. ಎಣ್ಣೆ ಹತ್ತಿದರೆ ಗಾಡಿ ನಿಲ್ಲಿಸಿ. ಹತ್ತದಿದ್ದರೂ ಕೆಲಸ ಮುಗಿಯುವ ತನಕ ಮಗಳನ್ನು ಟ್ಯಾಂಕ್ ಮೇಲೆ ಕೂರಿಸಬೇಡಿ, ಒಬ್ಬರೇ ನಿಧಾನಕ್ಕೆ ಓಡಿಸಿ.

ಇನ್ನು ನಿಮ್ಮ ಪ್ರಶ್ನೆ. ಟ್ರ್ಯಾಕ್ಟರ್ ರಿಪೇರಿ ಮಾಡುವ ಕೈಗೆ ಈ ಕೆಲಸ ಆಗುತ್ತದೆ. ನೀವು ಬರೆದಿರುವ ಗಾಡಿಯಲ್ಲಿ ಇರುವುದು ಸಾದಾ ಟೆಲಿಸ್ಕೋಪಿಕ್ ಫೋರ್ಕ್, ಒಳಗೆ ಗುಟ್ಟು ಏನೂ ಇಲ್ಲ. ಬಾಗಲಕೋಟೆ ನವನಗರದ ನನ್ನ ಗ್ಯಾರೇಜಿಗೆ ವಾರಕ್ಕೆ ಎರಡು ಮೂರು ಇಂಥವು ಬರುತ್ತವೆ. ಆದರೆ ಬರುವವುಗಳಲ್ಲಿ ಎಷ್ಟೋ ಗಾಡಿಗಳಿಗೆ ಆಗಲೇ ಎಲ್ಲೋ ಹೊಸ ಸೀಲ್ ಹಾಕಿರುತ್ತಾರೆ. ಒಂದು ತಿಂಗಳಿಗೆ ಮತ್ತೆ ಸೋರಿರುತ್ತದೆ. ಸೀಲ್ ಹಾಕಿದವರು ಸೀಲ್ ಯಾಕೆ ಹೋಯಿತು ಎಂದು ನೋಡಿರುವುದಿಲ್ಲ. ನಾನು ಹೇಳಬೇಕಾದ ಮುಖ್ಯ ಮಾತೇ ಇದು. ಸೀಲ್ ಬದಲಿಸುವುದು ಅರ್ಧ ಕೆಲಸ. ಅದನ್ನು ಹರಿದದ್ದು ಏನು ಎಂದು ಹುಡುಕುವುದು ಇನ್ನರ್ಧ. ಹೊಸ ಫೋರ್ಕ್ ಬೇಕಾ, ಪೈಪ್ ಬೇಕಾ, ಬರೀ ಸೀಲ್ ಸಾಕಾ ಎಂಬುದು ಆ ಇನ್ನರ್ಧ ಮುಗಿದ ಮೇಲೆ ತೀರ್ಮಾನ ಆಗುತ್ತದೆ. ಗಾಡಿ ಸ್ಟ್ಯಾಂಡ್ ಮೇಲೆ ನಿಂತಿರುವಾಗ ದೂರದಿಂದ ನೋಡಿ ಹೇಳುವ ವಿಷಯ ಅಲ್ಲ.

ಒಳಗೆ ಏನಿದೆ ಎಂದು ಸ್ವಲ್ಪ ಹೇಳುತ್ತೇನೆ. ಮೇಲೆ ಹೊಳೆಯುವ ಕ್ರೋಮ್ ಪೈಪ್, ಕೆಳಗೆ ಅಲ್ಯೂಮಿನಿಯಂ ಬಾಟಮ್. ಪೈಪ್ ಬಾಟಮ್ ಒಳಗೆ ಜಾರುತ್ತದೆ. ಪೈಪಿನೊಳಗೆ ಉದ್ದನೆಯ ಸ್ಪ್ರಿಂಗ್ ಇದೆ, ಅದರ ಕೆಳಗೆ ತೂತುಗಳಿರುವ ಡ್ಯಾಂಪರ್ ರಾಡ್ ಇದೆ. ಆ ರಾಡನ್ನು ಬಾಟಮ್‌ನ ಅಡಿಯಿಂದ ಒಂದು ಅಲೆನ್ ಬೋಲ್ಟ್ ಹಿಡಿದಿರುತ್ತದೆ. ತೂಕ ಹೊರುವುದು ಸ್ಪ್ರಿಂಗ್. ಎಣ್ಣೆಯ ಕೆಲಸ ಬೇರೆ. ಸ್ಪ್ರಿಂಗ್ ಒತ್ತಿದಾಗ, ಬಿಟ್ಟಾಗ ಎಣ್ಣೆ ಆ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗಬೇಕು. ಸಿರಿಂಜ್‌ನಲ್ಲಿ ನೀರು ಒತ್ತಿದಾಗ ಕೈಗೆ ತಡೆ ಸಿಗುತ್ತದಲ್ವಾ, ಅದೇ ತಡೆ ಇದು. ಎಣ್ಣೆ ಹೋದರೆ ತಡೆ ಹೋಗುತ್ತದೆ. ಸ್ಪ್ರಿಂಗ್ ಮಾತ್ರ ಕುಣಿಯುತ್ತದೆ, ಚಕ್ರ ರಸ್ತೆ ಬಿಟ್ಟು ಹಾರುತ್ತದೆ. ನಿಮ್ಮ ‘ಧಡ್’ ಶಬ್ದ ಬರುವುದು ಇಲ್ಲಿಂದ. ಎಣ್ಣೆಯ ತಡೆ ಇರುವ ಟೆಲಿಸ್ಕೋಪಿಕ್ ಫೋರ್ಕನ್ನು ಬಿಎಂಡಬ್ಲ್ಯೂ 1935ರಲ್ಲಿ ತನ್ನ ಆರ್12, ಆರ್17 ಗಾಡಿಗಳಿಗೆ ಹಾಕಿತು. ನಿಮ್ಮ ಗಾಡಿಯಲ್ಲಿರುವುದೂ ಮೂಲದಲ್ಲಿ ಅದೇ ಉಪಾಯ.

ಪೈಪ್ ಬಾಟಮ್ ಒಳಗೆ ಇಳಿಯುವ ಬಾಯಲ್ಲಿ ಆಯಿಲ್ ಸೀಲ್ ಇರುತ್ತದೆ. ರಬ್ಬರ್ ತುಟಿ, ಅದರ ಹಿಂದೆ ಕೂದಲಿನಂಥ ಸಣ್ಣ ಸ್ಪ್ರಿಂಗ್ ಬಳೆ. ಅದರ ಮೇಲೆ ಒಂದು ಲಾಕ್ ರಿಂಗ್, ಇನ್ನೂ ಮೇಲೆ ಡಸ್ಟ್ ಸೀಲ್. ತಗ್ಗು ಬಂದಾಗಲೆಲ್ಲ ಆ ತುಟಿಯ ಮೇಲೆ ಪೈಪ್ ಉಜ್ಜುತ್ತದೆ. ನಿಮ್ಮ ದಾರಿಯಲ್ಲಿ ಒಮ್ಮೆ ಹೋಗಿ ಬರುವಷ್ಟರಲ್ಲಿ ಎಷ್ಟು ಸಲ ಆದೀತು, ನೀವೇ ಲೆಕ್ಕ ಹಾಕಿ.

ಈಗ ಆ ಸೀಲನ್ನು ಹರಿಯುವುದು ಏನು ಅಂತ ನೋಡೋಣ. ನಮ್ಮ ಕಡೆ ಮೊದಲನೆಯದು ಎರೆ ಮಣ್ಣು. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊಲದಿಂದ ಏರುವ ಟ್ರ್ಯಾಕ್ಟರ್‌ಗಳು ಗಾಲಿಯಲ್ಲಿ ರಾಡಿ ತಂದು ಡಾಂಬರಿನ ಮೇಲೆ ಬಿಡುತ್ತವೆ. ಹಸಿ ಇದ್ದಾಗ ಅದು ಪೈಪಿಗೆ ಅಂಟುತ್ತದೆ. ಒಣಗಿದ ಮೇಲೆ ಉಗುರಿನಿಂದ ಕೆರೆದರೂ ಬರುವುದಿಲ್ಲ, ಅಷ್ಟು ಗಟ್ಟಿ. ಫೋರ್ಕ್ ಒತ್ತಿದಾಗ ಆ ಗಟ್ಟಿ ಮಣ್ಣು ಡಸ್ಟ್ ಸೀಲಿನ ಕೆಳಗೆ ತೂರಿ, ಆಯಿಲ್ ಸೀಲಿನ ತುಟಿಗೆ ಹೋಗಿ ಕೂರುತ್ತದೆ. ವಾಟರ್ ಸರ್ವಿಸ್ ಮಾಡುವವರು ಪ್ರೆಷರ್ ಪೈಪನ್ನು ನೇರ ಡಸ್ಟ್ ಸೀಲಿಗೆ ಹಿಡಿದರೆ ಇದೇ ಕೆಲಸ ಇನ್ನೂ ಬೇಗ ಆಗುತ್ತದೆ. ಎರಡನೆಯದು ಪೈಪಿನ ಗಾಯ. ಮುಂದಿನ ಗಾಡಿಯ ಗಾಲಿಯಿಂದ ಹಾರಿದ ಕಲ್ಲು ಬಡಿದು ಕ್ರೋಮ್ ಚಕ್ಕೆ ಎದ್ದಿರುತ್ತದೆ, ಅಥವಾ ಮಳೆಯಲ್ಲಿ ನಿಂತು ತುಕ್ಕಿನ ಚುಕ್ಕಿ ಎದ್ದಿರುತ್ತದೆ. ಸೂಜಿ ಮೊನೆಯಷ್ಟು ಚುಕ್ಕಿ ಸಾಕು, ಅದು ತುರಿಮಣೆಯ ಹಾಗೆ ಕೆಲಸ ಮಾಡುತ್ತದೆ. ಇನ್ನು ವಯಸ್ಸು. ಬಿಸಿಲಲ್ಲಿ ನಿಂತು ನಿಂತು ರಬ್ಬರ್ ಗಡುಸಾಗುತ್ತದೆ, ನಮ್ಮ ಬೇಸಿಗೆ 40 ಡಿಗ್ರಿ ದಾಟುವುದು ನಿಮಗೇ ಗೊತ್ತು. ಕೊನೆಯದಾಗಿ, ಎಲ್ಲೋ ಬಿದ್ದು ಪೈಪ್ ಕೂದಲಿನಷ್ಟು ಬಾಗಿರುವುದು, ಇಲ್ಲವೇ ಬಾಟಮ್ ಒಳಗಡೆ ಸವೆದು ಪೈಪ್ ಅಲುಗಾಡುವುದು. ಇವೆರಡರಲ್ಲಿ ಯಾವುದಿದ್ದರೂ ಹೊಸ ಸೀಲ್ ಬಹಳ ದಿನ ಬಾಳುವುದಿಲ್ಲ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಕೃಷ್ಣೆ ಉಕ್ಕಿದಾಗ ನಿಮ್ಮ ಕಡೆಯ ಎಷ್ಟೋ ಗಾಡಿಗಳು ನೀರಲ್ಲಿ ಮುಳುಗಿದ್ದವು. ಇಂಜಿನ್ ಬಿಚ್ಚಿ ತೊಳೆದರು, ಫೋರ್ಕ್ ಮುಟ್ಟಲಿಲ್ಲ. ಒಂದೆರಡು ವರ್ಷದ ಮೇಲೆ ನಾನು ಬಿಚ್ಚಿದಾಗ ಕೆಲವದರಲ್ಲಿ ಎಣ್ಣೆ ಬದಲು ಮಜ್ಜಿಗೆಯಂಥ ನೀರು ಸುರಿಯಿತು, ಸ್ಪ್ರಿಂಗ್ ತುಕ್ಕು ಹಿಡಿದಿತ್ತು. ನಿಮ್ಮ ಗಾಡಿ ಆಗ ನೀರಲ್ಲಿ ನಿಂತಿದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಬಿಚ್ಚುವ ಮೊದಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಪೈಪನ್ನು ಡೀಸೆಲ್ ಅದ್ದಿದ ಅರಿವೆಯಿಂದ ಚೆನ್ನಾಗಿ ಒರೆಸಿ ಒಣಗಿಸಿ. ಒಂದು ಹಿಡಿ ಹತ್ತಿ ತಗೊಂಡು ಪೈಪಿಗೆ ಸುತ್ತಿ, ಮೇಲಿಂದ ಕೆಳಗೆ ಹಗುರಕ್ಕೆ ಎಳೆಯಿರಿ, ಸುತ್ತ ತಿರುಗಿಸುತ್ತಾ ನಾಲ್ಕೂ ಕಡೆ. ಗಾಯ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿ ನಿಲ್ಲುತ್ತದೆ. ಕಣ್ಣಿಗೆ ಕಾಣದ್ದು ಹತ್ತಿಗೆ ಸಿಗುತ್ತದೆ. ಹಳೆಯ ನೈಲಾನ್ ಸೀರೆ ತುಂಡು ಇನ್ನೂ ಒಳ್ಳೆಯದು. ಆಮೇಲೆ ಪೈಪಿಗೆ ಡಸ್ಟ್ ಸೀಲ್ ಮೇಲೆ ಒಂದು ಕೇಬಲ್ ಟೈ ಅಥವಾ ತೆಳುವಾದ ರಬ್ಬರ್ ಬ್ಯಾಂಡ್ ಸುತ್ತಿ ಮನೆ ಹತ್ತಿರವೇ ನಿಧಾನಕ್ಕೆ ಒಂದು ಸುತ್ತು ಬನ್ನಿ. ಅದು ಎಲ್ಲಿ ತನಕ ಮೇಲೆ ಸರಿದಿದೆಯೋ ಅಲ್ಲಿ ತನಕ ಸೀಲ್ ಓಡಾಡುತ್ತದೆ ಎಂದು ಅರ್ಥ. ಗಾಯ ಅದಕ್ಕಿಂತ ಬಹಳ ಮೇಲೆ, ಟಿ (ಹ್ಯಾಂಡಲ್ ಕೆಳಗೆ ಎರಡೂ ಪೈಪನ್ನು ಹಿಡಿದಿರುವ ಅಡ್ಡ ಹಿಡಿಕೆ, ಮೇಲೊಂದು ಕೆಳಗೊಂದು ಇರುತ್ತದೆ) ಹತ್ತಿರ ಇದ್ದರೆ ಚಿಂತೆ ಬೇಡ. ಆ ಜಾಗದೊಳಗೆ ಇದ್ದರೆ ಅದೇ ನಿಮ್ಮ ಕಳ್ಳ.

ಪೈಪ್ ನುಣುಪಾಗಿದ್ದರೆ ಫೋರ್ಕ್ ಬಿಚ್ಚದೆ ಒಂದು ಪ್ರಯತ್ನ ಮಾಡಬಹುದು. ಡಸ್ಟ್ ಸೀಲನ್ನು ಮೇಲೆ ಸರಿಸಿ, ಹಳೆಯ ಎಕ್ಸ್‌ರೇ ಫಿಲ್ಮನ್ನು ನಾಲಿಗೆಯ ಆಕಾರಕ್ಕೆ ಕತ್ತರಿಸಿ, ಒಂದು ಬದಿಗೆ ಸಣ್ಣ ಕೊಕ್ಕೆ ಮಾಡಿ. ಅದನ್ನು ಪೈಪ್ ಮತ್ತು ಸೀಲಿನ ನಡುವೆ ತೂರಿಸಿ ಸುತ್ತ ಒಂದು ಸುತ್ತು ಎಳೆದು ತೆಗೆಯಿರಿ. ಸಿಕ್ಕಿದ್ದ ಮಣ್ಣು ಕೊಕ್ಕೆಗೆ ಬರುತ್ತದೆ. ಒರೆಸಿ, ಮೂರು ದಿನ ನೋಡಿ. ಮಣ್ಣಿನ ಕಣ ಸಿಕ್ಕಿ ಸೋರುತ್ತಿದ್ದರೆ ಇದರಿಂದಲೇ ನಿಂತ ಉದಾಹರಣೆ ನನ್ನ ಹತ್ತಿರ ಬೇಕಾದಷ್ಟಿವೆ. ಸ್ಕ್ರೂ ಡ್ರೈವರ್, ಬ್ಲೇಡ್ ಮಾತ್ರ ಅಲ್ಲಿ ಹಾಕಬೇಡಿ. ನಿಮ್ಮ ಗಾಡಿ ಒಂದು ತಿಂಗಳಿಂದ ಸೋರುತ್ತಿದೆ, 70 ಸಾವಿರ ಓಡಿದೆ, ಹಾಗಾಗಿ ಇದು ನಿಮಗೆ ಸಾಕಾಗಲಿಕ್ಕಿಲ್ಲ. ಆದರೂ ಹತ್ತು ನಿಮಿಷದ ಕೆಲಸ, ಮಾಡಿ ನೋಡಿ.

ಗೆಳೆಯರ ಸಲಹೆಗೆ ಬರುತ್ತೇನೆ, ಯಾಕೆಂದರೆ ಇದು ಊರೂರಲ್ಲೂ ಇದೆ. ಇಂಜಿನ್ ಆಯಿಲ್ ತಯಾರಾಗಿರುವುದು 100 ಡಿಗ್ರಿ ಬಿಸಿಯ ಇಂಜಿನ್‌ಗೆ. ಫೋರ್ಕ್ ಅಷ್ಟು ಬಿಸಿ ಆಗುವುದೇ ಇಲ್ಲ. 20ಡಬ್ಲ್ಯೂ50 ದರ್ಜೆಯ ಇಂಜಿನ್ ಎಣ್ಣೆ ಫೋರ್ಕಿನೊಳಗೆ ಫೋರ್ಕ್ ಎಣ್ಣೆಗಿಂತ ಹಲವು ಪಟ್ಟು ದಪ್ಪ. ಸಣ್ಣ ತೂತಿನಲ್ಲಿ ಅದು ಬೇಗ ಹೋಗುವುದಿಲ್ಲ. ಮೊದಲನೇ ತಗ್ಗಿಗೆ ಒತ್ತಿದ ಫೋರ್ಕ್ ಮೇಲೆ ಬರುವಷ್ಟರಲ್ಲಿ ಎರಡನೇ ತಗ್ಗು ಬರುತ್ತದೆ, ಮೂರನೆಯದಕ್ಕೆ ಅದು ಪೂರ್ತಿ ಕುಸಿದಿರುತ್ತದೆ. ಎದುರಿಗೆ ಗಟ್ಟಿಯಾಗಿದೆ ಅನ್ನಿಸುತ್ತದೆ, ಮಣಿಕಟ್ಟಿಗೆ ಪೆಟ್ಟು ಜಾಸ್ತಿ ಆಗುತ್ತದೆ. ಹೆಚ್ಚಿನ ಗಾಡಿಗಳಿಗೆ ಕಂಪನಿ ಹೇಳುವುದು 10ಡಬ್ಲ್ಯೂ ದರ್ಜೆಯ ಫೋರ್ಕ್ ಎಣ್ಣೆ. ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನುಯಲ್ ನೋಡಿ ಖಚಿತ ಮಾಡಿಕೊಳ್ಳಿ. ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದರ 10ಡಬ್ಲ್ಯೂನಷ್ಟೇ ದಪ್ಪ ಇರುವುದಿಲ್ಲ, ಹಾಗಾಗಿ ಫೋರ್ಕಿನ ಎರಡೂ ಕಾಲಿಗೆ ಒಂದೇ ಡಬ್ಬಿಯ ಎಣ್ಣೆ ಹಾಕಿ.

‘ಸ್ವಲ್ಪ ಜಾಸ್ತಿ ಹಾಕು’ ಎಂಬುದು ಇನ್ನೂ ಅಪಾಯದ ಮಾತು. ಪೈಪಿನಲ್ಲಿ ಎಣ್ಣೆಯ ಮೇಲೆ ಗಾಳಿ ಇರುತ್ತದೆ. ಆ ಗಾಳಿಯೂ ಒಂದು ಸ್ಪ್ರಿಂಗ್. ಗಾಳಿಯ ಜಾಗ 240 ಮಿ.ಮೀ. ಇದ್ದು ಫೋರ್ಕ್ 120 ಮಿ.ಮೀ. ಒತ್ತಿದರೆ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, ಒತ್ತಡ ಎರಡು ಪಟ್ಟು. ಎಣ್ಣೆ ಜಾಸ್ತಿ ಸುರಿದು ಗಾಳಿಯ ಜಾಗ 160ಕ್ಕೆ ಇಳಿಸಿದಿರಿ ಅಂದುಕೊಳ್ಳಿ. ಅದೇ 120 ಒತ್ತಿದಾಗ ಉಳಿಯುವುದು 40, ಒತ್ತಡ ನಾಲ್ಕು ಪಟ್ಟು. ಆ ಒತ್ತಡ ಹೊರಗೆ ಹೋಗಲು ಇರುವ ಸುಲಭದ ದಾರಿ ನೀವು ಹಾಕಿದ ಹೊಸ ಸೀಲ್. ಜಾಸ್ತಿ ಎಣ್ಣೆಯಿಂದ ಸೀಲ್ ಉಳಿಯುವುದಿಲ್ಲ, ಹೋಗುತ್ತದೆ.

ಸ್ಪ್ರಿಂಗ್ ಹಾರುವ ಹೆದರಿಕೆ ಮಾತ್ರ ನಿಜ. ಸುಳ್ಳಲ್ಲ, ಆದರೆ ತಪ್ಪಿಸಬಹುದು. ನನ್ನ ಗ್ಯಾರೇಜ್ ಶುರುವಾದ ಎರಡನೇ ವರ್ಷ. ಕೆಲಸ ಕಲಿಯುತ್ತಿದ್ದ ಹುಡುಗ ಫೋರ್ಕನ್ನು ತೊಡೆಗಳ ನಡುವೆ ಹಿಡಿದು ಮೇಲಿನ ಕ್ಯಾಪ್ ಬಿಚ್ಚುತ್ತಿದ್ದ. ಕೊನೇ ಸುತ್ತಿನಲ್ಲಿ ಪಾನಾ ತೆಗೆದು ಬಗ್ಗಿ ನೋಡಿದ. ಕ್ಯಾಪ್ ಸಿಡಿದು ಹುಬ್ಬಿಗೆ ಬಡಿಯಿತು, ನಾಲ್ಕು ಹೊಲಿಗೆ ಬಿದ್ದವು. ಒಂದು ಅಂಗುಲ ಕೆಳಗೆ ಕಣ್ಣು. ನಾನು ಪಕ್ಕದಲ್ಲೇ ಇದ್ದೆ, ಮುಂಚೆ ಹೇಳಿರಲಿಲ್ಲ. ಅವತ್ತಿನಿಂದ ಯಾರಿಗೇ ಕಲಿಸಿದರೂ ನಾನು ಮೊದಲು ಹೇಳುವುದು ಕ್ಯಾಪ್ ಮಾತೇ. ಮುಖ ಯಾವತ್ತೂ ಪೈಪಿನ ಬಾಯಿ ಎದುರು ಇರಬಾರದು. ಕ್ಯಾಪ್ ಮೇಲೆ ದಪ್ಪ ಅರಿವೆ ಹಾಕಿ, ಟಿ ಆಕಾರದ ಪಾನಾದ ಹಿಡಿ ಮೇಲೆ ಅಂಗೈಯಿಂದ ಕೆಳಗೆ ಒತ್ತುತ್ತಲೇ ತಿರುಗಿಸಿ. ಕೊನೇ ಎರಡು ಸುತ್ತಿನಲ್ಲಿ ಒತ್ತಿ ಹಿಡಿದು, ನಿಧಾನಕ್ಕೆ ಕೈ ಮೇಲೆ ಬಿಡಿ. ಸಾದಾ ಗಾಡಿಯ ಸ್ಪ್ರಿಂಗ್ ಒಬ್ಬರ ಕೈಗೆ ತಡೆಯುವಷ್ಟೇ ಇರುತ್ತದೆ.

ಈಗ ಕೆಲಸದ ಕ್ರಮ. ಸಿಮೆಂಟ್ ನೆಲ ಬೇಕು, ಮಣ್ಣಿನ ಅಂಗಳ ಬೇಡ. ಗಾಡಿ ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಇಂಜಿನ್ ಅಡಿ ಕಟ್ಟಿಗೆ ದಿಮ್ಮಿ ಅಥವಾ ಜಾಕ್ ಕೊಡಿ, ಸೈಲೆನ್ಸರ್ ಪೈಪಿನ ಅಡಿ ಬೇಡ. ಮುಂದಿನ ಗಾಲಿ ನೆಲ ಬಿಡಬೇಕು. ಹಿಂದಿನ ಕ್ಯಾರಿಯರ್‌ಗೆ ಅರ್ಧ ಚೀಲ ಗೋಧಿ ಕಟ್ಟಿದರೆ ಗಾಡಿ ಮುಂದೆ ವಾಲುವುದಿಲ್ಲ.

ಗಾಲಿ ತೆಗೆಯುವ ಮೊದಲೇ ಎರಡು ಕೆಲಸ ಮಾಡಿ. ಒಂದು, ಮೇಲಿನ ಟಿ ಬೋಲ್ಟ್ ಸಡಿಲಿಸಿ ಕ್ಯಾಪನ್ನು ಅರ್ಧ ಸುತ್ತು ಮಾತ್ರ ಸಡಿಲ ಮಾಡಿ. ಕೆಳಗಿನ ಟಿ ಪೈಪನ್ನು ಹಿಡಿದಿರುವಾಗ ಇದು ಸುಲಭ, ಹೊರಗೆ ತೆಗೆದ ಮೇಲೆ ಪೈಪ್ ಕೈಯಲ್ಲಿ ತಿರುಗುತ್ತದೆ. ಎರಡು, ಬಾಟಮ್ ಅಡಿಯ ಅಲೆನ್ ಬೋಲ್ಟನ್ನೂ ಒಂದು ಸಲ ಸಡಿಲಿಸಿ. ಸ್ಪ್ರಿಂಗ್ ಒತ್ತಡದಲ್ಲಿ ಒಳಗಿನ ರಾಡ್ ನಿಂತಿರುತ್ತದೆ, ಬೋಲ್ಟ್ ಬಿಡುತ್ತದೆ. ಆಮೇಲೆ ಮಾಡಿದರೆ ರಾಡ್ ಬೋಲ್ಟಿನ ಜೊತೆಗೇ ಗಿರಗಿರ ತಿರುಗುತ್ತದೆ. ಹಾಗೆ ತಿರುಗಿದರೆ ಸಲಿಕೆಯ ಹಳೆಯ ಕಾವನ್ನು ತುದಿಗೆ ಚೂಪಾಗಿ ಕೆತ್ತಿ ಪೈಪಿನೊಳಗೆ ಇಳಿಸಿ, ರಾಡಿನ ತಲೆಗೆ ಗಟ್ಟಿಯಾಗಿ ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ. ದುಬಾರಿ ಟೂಲ್ ಮಾಡುವ ಕೆಲಸ ಅದು ಮಾಡುತ್ತದೆ.

ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಫ್ರೇಮಿಗೆ ಕಟ್ಟಿ. ಬ್ರೇಕ್ ಹೋಸ್ ಮೇಲೆ ಅದರ ತೂಕ ಬೀಳಬಾರದು. ಪ್ಯಾಡ್‌ಗಳ ನಡುವೆ ರಟ್ಟು ಇಡಿ, ಮನೆಯಲ್ಲಿ ಮಕ್ಕಳು ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬರುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಸೆನ್ಸರ್ ವೈರ್ ಮೊದಲು ಬಿಡಿಸಿ. ಆ್ಯಕ್ಸಲ್, ಗಾಲಿ, ಮಡ್‌ಗಾರ್ಡ್ ತೆಗೆದು ಕೆಳಗಿನ ಟಿ ಬೋಲ್ಟ್ ಸಡಿಲಿಸಿ, ಪೈಪನ್ನು ಎಡಬಲ ತಿರುಗಿಸುತ್ತಾ ಕೆಳಗೆ ಎಳೆಯಿರಿ. ಟಿ ಮೇಲೆ ಪೈಪ್ ಎಷ್ಟು ಎತ್ತರ ಇತ್ತು ಎಂದು ಮೊದಲೇ ಅಳೆದು ಬರೆದಿಟ್ಟುಕೊಳ್ಳಿ. ಒಂದು ಕಾಲು ಪೂರ್ತಿ ಮುಗಿಸಿ ಜೋಡಿಸಿದ ಮೇಲೆ ಇನ್ನೊಂದು ಬಿಚ್ಚಿ. ಎರಡರ ಸಾಮಾನು ಕಲೆಯುವುದಿಲ್ಲ, ಮರೆತರೆ ನೋಡಲು ಒಂದು ಮಾದರಿಯೂ ಕಣ್ಣೆದುರು ಇರುತ್ತದೆ.

ಸ್ಪ್ರಿಂಗ್ ಹೊರಗೆ ಬರುವಾಗ ಒತ್ತೊತ್ತಾದ ಸುರುಳಿ ಯಾವ ಕಡೆ ಇತ್ತು ಎಂದು ಗುರುತು ಮಾಡಿ. ಎಣ್ಣೆ ಸುರಿಯಿರಿ. ಹಳೆಯ ಫೋರ್ಕ್ ಎಣ್ಣೆಗೆ ಕೊಳೆತ ಮೀನಿನಂಥ ವಾಸನೆ ಇರುತ್ತದೆ, ಗಾಬರಿ ಬೇಡ. ಅದನ್ನು ಬಿಸಿಲಲ್ಲಿ ಒಂದು ಸ್ಟೀಲ್ ತಟ್ಟೆಯಲ್ಲಿ ಹಿಡಿದು ನೋಡಿ. ಬೂದು ಬಣ್ಣ, ಒಳಗೆ ಬೆಳ್ಳಿಯ ಮಿಂಚು ಕಂಡರೆ ಅದು ಬಾಟಮ್‌ನ ಅಲ್ಯೂಮಿನಿಯಂ. ಸ್ವಲ್ಪ ಇರುವುದು ಸಹಜ. ಗಸಿಯ ಹಾಗೆ ತಳದಲ್ಲಿ ಕೂತಿದ್ದರೆ ಬಾಟಮ್ ಸವೆದಿದೆ. ಎಷ್ಟೋ ಸಾದಾ ಗಾಡಿಗಳಲ್ಲಿ ಬದಲಿಸಬಹುದಾದ ಬುಷ್ ಇರುವುದಿಲ್ಲ, ಪೈಪ್ ನೇರ ಅಲ್ಯೂಮಿನಿಯಂ ಮೇಲೆ ಜಾರುತ್ತದೆ. ಹಾಗೆ ಸವೆದಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಬಾಟಮ್ ಹೊಸದು ಬೇಕು. ಅವರನ್ನು ಸುಮ್ನೆ ಅನುಮಾನಿಸಬೇಡಿ. ಎಷ್ಟೋ ಸಲ ಅವರು ಪೈಪ್ ಅಲುಗಾಡಿಸಿ ನೋಡಿಯೇ ಹೇಳಿರುತ್ತಾರೆ.

ಲಾಕ್ ರಿಂಗ್ ತೆಗೆದು, ಅಡಿಯ ಬೋಲ್ಟ್ ಪೂರ್ತಿ ಬಿಚ್ಚಿ, ಪೈಪ್ ಹೊರಗೆ ಎಳೆಯಿರಿ. ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಹಿಡಿದು ನೋಡಿ. ಒಂದು ಕಡೆ ಬೆಳಕು ಜಾಸ್ತಿ, ಒಂದು ಕಡೆ ಕಮ್ಮಿ ಬಂದರೆ ಪೈಪ್ ಬಾಗಿದೆ. ಅದನ್ನು ಮನೆಯಲ್ಲಿ ನೆಟ್ಟಗೆ ಮಾಡಲು ಹೋಗಬೇಡಿ, ಹೊಸ ಪೈಪ್ ಹಾಕಿ. ಪೈಪ್ ಬಾಗಿದೆ ಎಂದರೆ ಟಿ ಕೂಡ ತಿರುಚಿರಬಹುದು, ಅದನ್ನು ಅನುಭವ ಇದ್ದವರು ನೋಡಬೇಕು. ಕ್ರೋಮಿನ ಅಂಚು ಎದ್ದ ಸಣ್ಣ ಗಾಯ ಮಾತ್ರ ಇದ್ದರೆ 1500 ನಂಬರಿನ ನೀರು ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ, ಎದ್ದ ಮೊನೆಯನ್ನು ಅಡ್ಡಡ್ಡ ಸವರಿ ತೆಗೆಯಿರಿ. ಉದ್ದಕ್ಕೆ ಉಜ್ಜಿದರೆ ಎಣ್ಣೆ ಹರಿಯಲು ನೀವೇ ಕಾಲುವೆ ತೋಡಿದ ಹಾಗೆ. ತುಕ್ಕಿನ ಗುಳಿ ಬಿದ್ದಿದ್ದರೆ, ಅದೂ ಸೀಲ್ ಓಡುವ ಜಾಗದಲ್ಲಿ ಇದ್ದರೆ, ಎಮರಿಯಿಂದ ಆಗುವುದಿಲ್ಲ. ಅಂಟು ತುಂಬಿ ಸವರುವವರಿದ್ದಾರೆ, ಅದು ಕೆಲವು ತಿಂಗಳ ಮಾತು.

ಗುಳಿ ಬಿದ್ದ ಪೈಪಿಗೆ ದಾರಿ ಎರಡು. ಹೊಸ ಪೈಪ್ ಒಂದು, ಹಾರ್ಡ್ ಕ್ರೋಮ್ (ಪೈಪ್ ಉಜ್ಜಿ ಹೊಸದಾಗಿ ಗಟ್ಟಿ ಕ್ರೋಮ್ ಲೇಪನ) ಮಾಡಿಸುವುದು ಇನ್ನೊಂದು. ಬೆಳಗಾವಿಯ ಉದ್ಯಮಬಾಗ ಹೈಡ್ರಾಲಿಕ್ಸ್, ಫೌಂಡ್ರಿ ಕೆಲಸಕ್ಕೆ ಹೆಸರಾದ ಜಾಗ. ಜೆಸಿಬಿಯ ಹೈಡ್ರಾಲಿಕ್ ರಾಡಿಗೆ ಮಾಡುವ ಗ್ರೈಂಡಿಂಗ್, ಕ್ರೋಮ್ ಕೆಲಸವೇ ಫೋರ್ಕ್ ಪೈಪಿಗೂ ಆಗುತ್ತದೆ. ಯೆಜ್ಡಿ, ರಾಜದೂತ್, ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ನಾನು ಅದನ್ನೇ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಪೈಪ್ ಸಿಗುವುದು ಕಷ್ಟ. ನಿಮ್ಮ ಗಾಡಿಗೆ ಅಂಗಡಿಯಲ್ಲಿ ಹೊಸ ಪೈಪೇ ಸಿಗುತ್ತದೆ, ಅದು ಸಲೀಸು. ಎಂಡ್ಯೂರನ್ಸ್, ಗೇಬ್ರಿಯಲ್, ಮುಂಜಾಲ್ ಶೋವಾ ಮೊದಲಾದವರು ನಮ್ಮ ದೇಶದ ಗಾಡಿಗಳಿಗೆ ಫೋರ್ಕ್ ಮಾಡಿಕೊಡುತ್ತಾರೆ. ನಿಮ್ಮ ಬಾಟಮ್ ಮೇಲೆ ಯಾರ ಹೆಸರಿದೆ ನೋಡಿ, ಅವರದ್ದೇ ಸೀಲ್ ತಗೊಳ್ಳಿ. ಸೀಲಿನ ಮುಖದ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಎಂದು ಮೂರು ಸಂಖ್ಯೆ ಇರುತ್ತವೆ, ಹಳೆಯದರ ಜೊತೆ ಹೊಂದಿಸಿ. ಒಂದೇ ಕಡೆ ಸೋರಿದರೂ ಎರಡೂ ಕಡೆ ಬದಲಿಸಿ. ಸೀಲ್ ಜೋಡಿ ಕೆಲವು ನೂರು ರೂಪಾಯಿ, ಅಲ್ಲಿ ಉಳಿಸಲು ಹೋಗಬೇಡಿ.

ಹಳೆಯ ಸೀಲ್ ಎಬ್ಬಿಸುವಾಗ ಬಾಟಮ್‌ನ ಅಂಚಿಗೆ ಕಟ್ಟಿಗೆ ಚೂರು ಆಸರೆ ಕೊಟ್ಟು ಟೈರ್ ಲಿವರ್ ಹಾಕಿ. ಅಲ್ಯೂಮಿನಿಯಂ ಗೀರಿದರೆ ಹೊಸ ಸೀಲಿನ ಹೊರಮೈಯಿಂದ ಸೋರುತ್ತದೆ. ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಪೈಪ್ ಮತ್ತು ರಾಡನ್ನು ಬಾಟಮ್ ಒಳಗೆ ಕೂರಿಸಿ, ಅಡಿಯ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ ಬಿಗಿಯಿರಿ. ಹಳೆಯ ವಾಷರ್ ಹಾಕಿದರೆ ಮೇಲೆ ನಿಂತ ಸೋರಿಕೆ ಕೆಳಗೆ ಶುರುವಾಗುತ್ತದೆ. ಹೊಸ ಸೀಲಿನ ತುಟಿಗೆ ಫೋರ್ಕ್ ಎಣ್ಣೆ ಸವರಿ, ಪೈಪಿನ ಮೇಲಿನ ತುದಿಗೆ ತೆಳುವಾದ ಪ್ಲಾಸ್ಟಿಕ್ ಚೀಲ ಸುತ್ತಿ, ಸಂಖ್ಯೆ ಇರುವ ಮುಖ ಮೇಲೆ ಬರುವ ಹಾಗೆ ಇಳಿಸಿ. ಮೇಲೆ ಹಳೆಯ ಸೀಲ್ ಇಟ್ಟು, ಉದ್ದಕ್ಕೆ ಎರಡಾಗಿ ಸೀಳಿದ ಪಿವಿಸಿ ಪೈಪಿನಿಂದ ಸುತ್ತ ಸಮನಾಗಿ ಬಡಿಯಿರಿ. ಮೊದಲು ‘ಡಬ್ ಡಬ್’ ಎನ್ನುತ್ತದೆ. ಸೀಲ್ ತಳಕ್ಕೆ ಮುಟ್ಟಿದ ಕ್ಷಣ ಶಬ್ದ ‘ಟಣ್’ ಎಂದು ಬದಲಾಗುತ್ತದೆ. ಲಾಕ್ ರಿಂಗ್ ಕೂರುವ ತೋಡು ಸುತ್ತಲೂ ಪೂರ್ತಿ ಕಂಡರೆ ಸೀಲ್ ಕೂತಿದೆ. ರಿಂಗ್ ಹಾಕಿ, ಅದು ತೋಡಿನಲ್ಲಿ ಬಿದ್ದ ‘ಟಿಕ್’ ಕೇಳಿಸಬೇಕು.

ಎಣ್ಣೆಯನ್ನು ಅಂದಾಜಿಗೆ ಸುರಿಯಬೇಡಿ. ಮೆಡಿಕಲ್ ಅಂಗಡಿಯ 50 ಮಿ.ಲೀ. ಸಿರಿಂಜ್ ಸಾಕು. ಮ್ಯಾನುಯಲ್ ಹೇಳಿದಷ್ಟು ಹಾಕಿ, ಪೈಪನ್ನು ಹತ್ತಿಪ್ಪತ್ತು ಸಲ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ, ಗುಳ್ಳೆ ನಿಲ್ಲಲಿ. ಹತ್ತು ನಿಮಿಷ ಬಿಟ್ಟು, ಸ್ಪ್ರಿಂಗ್ ಹಾಕದೆ, ಪೈಪ್ ಪೂರ್ತಿ ಕೆಳಗೆ ಒತ್ತಿ, ಒಂದು ಒಣ ಕಡ್ಡಿ ಇಳಿಸಿ ಎಣ್ಣೆ ಎಷ್ಟು ಕೆಳಗಿದೆ ಅಳೆಯಿರಿ. ಎರಡೂ ಕಾಲಿನಲ್ಲಿ ಒಂದೇ ಅಳತೆ ಬರಬೇಕು.

ಜೋಡಿಸುವಾಗ ಎಲ್ಲರೂ ತಪ್ಪುವ ಜಾಗ ಆ್ಯಕ್ಸಲ್. ಆ್ಯಕ್ಸಲ್ ನಟ್ ಬಿಗಿದು, ಅದನ್ನು ಹಿಡಿಯುವ ಸಣ್ಣ ಪಿಂಚ್ ಬೋಲ್ಟ್ ಇದ್ದರೆ ಅದನ್ನು ಸಡಿಲವೇ ಬಿಡಿ. ಕ್ಯಾಲಿಪರ್ ಕೂರಿಸಿದ ಮೇಲೆ ಗಾಡಿ ನೆಲಕ್ಕೆ ಇಳಿಸುವ ಮೊದಲು ಬ್ರೇಕ್ ಲಿವರನ್ನು ಗಟ್ಟಿಯಾಗುವ ತನಕ ಒತ್ತಿ. ಆಮೇಲೆ ಗಾಡಿ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಐದಾರು ಸಲ ಹ್ಯಾಂಡಲ್ ಜೋರಾಗಿ ಒತ್ತಿ ಬಿಡಿ. ಎರಡೂ ಕಾಲು ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತವೆ. ಆಗ ಪಿಂಚ್ ಬೋಲ್ಟ್ ಬಿಗಿಯಿರಿ. ಇದು ಮಾಡದಿದ್ದರೆ ಕಾಲುಗಳು ಒಂದಕ್ಕೊಂದು ಓರೆಯಾಗಿ, ಫೋರ್ಕ್ ಹಿಡಿದು ಹಿಡಿದು ಚಲಿಸುತ್ತದೆ, ಹೊಸ ಸೀಲ್ ಒಂದೇ ಬದಿ ಸವೆಯುತ್ತದೆ. ಟಿ ಬೋಲ್ಟಲ್ಲಿ ಕೆಳಗಿನದು ಮೊದಲು, ಆಮೇಲೆ ಕ್ಯಾಪ್, ಕೊನೆಗೆ ಮೇಲಿನದು. ಇವುಗಳಿಗೆ ಟಾರ್ಕ್ ಪಾನಾ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಪಾನಾ) ಬೇಕು. ನಿಮ್ಮ ಹತ್ತಿರ ಇಲ್ಲದಿದ್ದರೆ ಇಷ್ಟು ಮಾತ್ರ ಹತ್ತಿರದ ಗ್ಯಾರೇಜಿನಲ್ಲಿ ಬಿಗಿಸಿಕೊಳ್ಳಿ, ನಾಚಿಕೆ ಬೇಡ. ಗಾಲಿ ಹಿಡಿದಿರುವುದು ಇವೇ.

ಎಣ್ಣೆ ಕುಡಿದ ಪ್ಯಾಡನ್ನು ಬೆಂಕಿಗೆ ಹಿಡಿದು, ಕಲ್ಲಿಗೆ ಉಜ್ಜಿ ಮತ್ತೆ ಹಾಕುವವರನ್ನು ನೋಡಿದ್ದೇನೆ. ಬೇಡ, ಹೊಸದು ಹಾಕಿ. ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ.

ನಿಮ್ಮ ‘ಟಕ್’ ಶಬ್ದ ಮಾತ್ರ ಬೇರೆ ಕಥೆ ಇರಬಹುದು. ಮುಂದಿನ ಗಾಲಿ ಎತ್ತಿದಾಗ ಬಾಟಮ್‌ಗಳ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದು ನೋಡಿ, ಒಬ್ಬರು ಟಿ ಮತ್ತು ಫ್ರೇಮ್ ಸೇರುವಲ್ಲಿ ಬೆರಳಿಟ್ಟಿರಲಿ. ಬೆರಳಿಗೆ ಅಲುಗಾಟ ಸಿಕ್ಕರೆ ಅದು ಹ್ಯಾಂಡಲ್ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್. ಅಲ್ಲಿ ಸಿಗದೆ ಪೈಪ್ ಬಾಟಮ್ ಒಳಗೆ ಆಡಿದರೆ ಬಾಟಮ್ ಸವೆದಿದೆ. ಕೋನ್ ಸೆಟ್ ಹೊಸದು ಕೂರಿಸುವುದನ್ನು ಮೆಕ್ಯಾನಿಕ್‌ಗೆ ಬಿಡಿ. ಅಪಘಾತ ಆದ ಗಾಡಿ, ಕೆಟಿಎಂ ತರಹ ತಲೆಕೆಳಗಾದ (ಹೊಳೆಯುವ ಪೈಪ್ ಕೆಳಗಿರುವ) ಫೋರ್ಕ್ ಇರುವ ಗಾಡಿ, ತಿರುಪಿನ ಎಳೆ ಸವೆದ ಬೋಲ್ಟ್, ಇವನ್ನೂ ಮನೆಯಲ್ಲಿ ಮುಟ್ಟಬೇಡಿ.

ಜೋಡಿಸಿದ ಮೇಲೆ ಒಬ್ಬರೇ ಹತ್ತು ಕಿಲೋಮೀಟರ್ ಓಡಿಸಿ, ಎಲ್ಲ ಬೋಲ್ಟ್ ಮತ್ತೆ ನೋಡಿ. ಪೈಪ್ ಮೇಲೆ ತೆಳ್ಳಗೆ ಎಣ್ಣೆಯ ಪಸೆ ಬಂದರೆ ಒರೆಸಿ, ಅದು ಜೋಡಿಸುವಾಗ ಹಚ್ಚಿದ್ದು. 100 ಕಿಲೋಮೀಟರ್ ಆದ ಮೇಲೂ ಉಂಗುರ ಕಟ್ಟಿದರೆ ಪೈಪ್ ಮತ್ತೆ ನೋಡಬೇಕು. ಆದರೆ ಸೀಲ್ ತರಲು ಅಂಗಡಿಗೆ ಹೋಗುವ ಮೊದಲು ಹತ್ತಿಯ ಪರೀಕ್ಷೆ ಮಾಡಿ. ಎಳೆ ಎಲ್ಲಿ ಸಿಕ್ಕಿತು, ಡಸ್ಟ್ ಸೀಲಿನಿಂದ ಎಷ್ಟು ಮೇಲೆ, ಕೇಬಲ್ ಟೈ ಎಲ್ಲಿ ನಿಂತಿತು ಎಂದು ಅಳೆದು ಬರೆದು ಕಳಿಸಿ. ಪೈಪ್ ತಗೋಬೇಕಾ, ಸೀಲ್ ಸಾಕಾ ಎಂದು ಅದನ್ನು ನೋಡಿ ಹೇಳುತ್ತೇನೆ.